ಗೇಮ್ ಆಫ್ ಮಾಡಿದ ಮೇಲೂ ಕೇಳಿ: ವಿಡಿಯೊ ಗೇಮ್ ಸಂಗೀತಕ್ಕೊಂದು ಸಮಗ್ರ ಮಾರ್ಗದರ್ಶಿ

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್ ಮನೆಯಲ್ಲಿದ್ದವರಿಗೆ ಮಾರಿಯೊ ಟ್ಯೂನ್ ಬಾಯಿಪಾಠ. ಹಳದಿ ಕ್ಯಾಸೆಟ್ ಹಾಕಿದಾಗ ಕಾಂಟ್ರಾ ಶುರುವಾಗುತ್ತಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆಮೇಲಿನ ತಲೆಮಾರಿಗೆ ಪಬ್‌ಜಿ ಥೀಮ್ ಅಷ್ಟೇ ಚೆನ್ನಾಗಿ ಗೊತ್ತು. ಆದರೆ ಮಾರಿಯೊಗೆ ಸಂಗೀತ ಕೊಟ್ಟವರು ಕೋಜಿ ಕೊಂಡೊ, ಪಬ್‌ಜಿ ಥೀಮ್ ಮಾಡಿದವರು ಟಾಮ್ ಸಾಲ್ಟಾ ಎನ್ನುವುದು ಗೊತ್ತಿರುವವರು ಕಡಿಮೆ. ಸಿನಿಮಾ ಹಾಡು ಕಿವಿಗೆ ಬಿದ್ದ ಕೂಡಲೇ ‘ಮ್ಯೂಸಿಕ್ ಯಾರದ್ದು?’ ಅಂತ ಕೇಳುವ ನಾವು, ಗೇಮ್ ಸಂಗೀತದ ವಿಷಯದಲ್ಲಿ ಆ ಪ್ರಶ್ನೆಯನ್ನೇ ಎತ್ತುವುದಿಲ್ಲ.

ಈ ಸಂಗೀತವನ್ನು ಸಂಗೀತವಾಗಿಯೇ ಕೇಳಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗೇಮ್ ಆಡಿರಲೇಬೇಕು ಅಂತೇನಿಲ್ಲ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಸಿನಿಮಾದ ಹಿನ್ನೆಲೆ ಸಂಗೀತವನ್ನು ದೃಶ್ಯಕ್ಕೆ ಅಳತೆ ಮಾಡಿ ಬರೆಯುತ್ತಾರೆ. ದೃಶ್ಯ ಮುಗಿದರೆ ಅದೂ ಮುಗಿಯಿತು. ಗೇಮಿನಲ್ಲಿ ಆಡುವವರು ಒಂದು ಜಾಗದಲ್ಲಿ ಎರಡು ನಿಮಿಷ ಇರುತ್ತಾರೋ ಎರಡು ಗಂಟೆ ಇರುತ್ತಾರೋ ಸಂಗೀತ ಬರೆಯುವವರಿಗೆ ಗೊತ್ತಿರುವುದಿಲ್ಲ. ಒಂದೂವರೆ ನಿಮಿಷದ ಟ್ಯೂನ್ ನೂರು ಸಲ ತಿರುಗಿ ಬಂದರೂ ಬೇಜಾರು ಹುಟ್ಟಬಾರದು. ಅಂದರೆ ಇದು ಮತ್ತೆ ಮತ್ತೆ ಕೇಳಲೆಂದೇ ಕಟ್ಟಿದ ಸಂಗೀತ. ಅದಕ್ಕೇ ಕಡಿಮೆ ಆರಿಸಿಕೊಳ್ಳಿ, ಜಾಸ್ತಿ ಸಲ ಕೇಳಿ. ಕೆಳಗಿನ ಹೆಜ್ಜೆಗಳೆಲ್ಲ ಈ ಮಾತಿನ ಮೇಲೇ ನಿಂತಿವೆ.

ಹೆಜ್ಜೆ 1: ಒಂದೇ ಒಂದು ಆಲ್ಬಮ್ ಹಿಡಿಯಿರಿ

‘ಟಾಪ್ 100 ಗೇಮ್ ಮ್ಯೂಸಿಕ್’ ಪ್ಲೇಲಿಸ್ಟ್‌ಗಳಿಂದ ಶುರು ಮಾಡಬೇಡಿ. ಊರಿನ ಬೀದಿಯ ಮೆತ್ತನೆ ಟ್ಯೂನ್ ಆದ ಕೂಡಲೇ ಯಾವುದೋ ಬೇರೆ ಗೇಮಿನ ಬಾಸ್ ಫೈಟ್, ಅಂದರೆ ದೊಡ್ಡ ಖಳನ ಜೊತೆಗಿನ ಕಾಳಗದ ಸಂಗೀತ, ಬಡಿಯುತ್ತದೆ. ಎರಡೂ ಚೆನ್ನಾಗಿದ್ದರೂ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಒಂದು ಗೇಮಿನ ಪೂರ್ತಿ ಸೌಂಡ್‌ಟ್ರ್ಯಾಕ್ ತೆಗೆದುಕೊಂಡು ಒಂದು ವಾರ ಅದರ ಜೊತೆಗೇ ಇರಿ.

ಯಾವುದು ಅಂತ ಕೇಳಿದರೆ ನಾನು ಹೇಳುವುದು ‘ಜರ್ನಿ’. 2012ರ ಗೇಮ್, ಸಂಗೀತ ಆಸ್ಟಿನ್ ವಿಂಟೊರಿ. ಗೇಮಿನಲ್ಲಿ ಒಂದೇ ಒಂದು ಮಾತಿಲ್ಲ. ನಿಲುವಂಗಿ ತೊಟ್ಟ ಯಾತ್ರಿಕ ಮರಳುಗಾಡು ದಾಟಿ, ದೂರದಲ್ಲಿ ಕಾಣುವ ಬೆಟ್ಟದ ಕಡೆ ನಡೆಯಬೇಕು, ಅಷ್ಟೇ. ಮೊದಲ ಟ್ರ್ಯಾಕ್ ‘ನೇಸೆನ್ಸ್’ ಹಾಕಿ. ಅಲ್ಲಿ ಕೇಳುವ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಟೀನಾ ಗುವೊ ಅವರದ್ದು. ಇಡೀ ಆಲ್ಬಮ್‌ನಲ್ಲಿ ಆ ಚೆಲ್ಲೊ ಅಂದರೆ ಯಾತ್ರಿಕನೇ. ಮೊದಲು ಒಂಟಿಯಾಗಿ ಬರುತ್ತದೆ. ಮುಂದೆ ಸುತ್ತಲೂ ಬೇರೆ ವಾದ್ಯಗಳು ಒಂದೊಂದಾಗಿ ಸೇರುತ್ತವೆ. ಮೊದಲ ಎರಡು ನಿಮಿಷದಲ್ಲಿ ಕೇಳಿದ ಆ ಸ್ವರಗುಚ್ಛವನ್ನು ಬಾಯಲ್ಲಿ ಗುನುಗಿಕೊಳ್ಳಿ. ನಡುವಿನ ಟ್ರ್ಯಾಕ್‌ಗಳಲ್ಲಿ ಅದು ಎಲ್ಲೆಲ್ಲಿ ತಲೆ ಹಾಕುತ್ತದೆ ಅಂತ ಹುಡುಕುವುದೇ ಒಂದು ಖುಷಿ. ಕೊನೆಯ ‘ಐ ವಾಸ್ ಬಾರ್ನ್ ಫಾರ್ ದಿಸ್’ ಟ್ರ್ಯಾಕ್‌ನಲ್ಲಿ ಮೊದಲ ಬಾರಿಗೆ ಮನುಷ್ಯರ ದನಿ ಬರುತ್ತದೆ. ಲಿಸ್ಬೆತ್ ಸ್ಕಾಟ್ ಹಾಡಿದ್ದಾರೆ. ಸಾಹಿತ್ಯ ಲ್ಯಾಟಿನ್, ಗ್ರೀಕ್, ಹಳೆಯ ಇಂಗ್ಲಿಷ್, ಜಪಾನಿ, ಫ್ರೆಂಚ್ ಭಾಷೆಗಳಿಂದ ಬಂದದ್ದು. ಜಪಾನಿನ ಹೈಕು ಕವಿ ಬಾಶೋನ ಸಾಲೂ ಇದೆ, ಜೋನ್ ಆಫ್ ಆರ್ಕ್ ಹೇಳಿದಳೆನ್ನುವ ಮಾತೂ ಇದೆ. ಪೂರ್ತಿ ಆಲ್ಬಮ್ ಸುಮಾರು ಒಂದು ಗಂಟೆ.

ಇಷ್ಟು ಗಂಭೀರ ಬೇಡ, ಓದುವಾಗ ಅಥವಾ ಕೆಲಸ ಮಾಡುವಾಗ ಹಿಂದೆ ಮೆತ್ತಗೆ ಕೇಳಬೇಕು ಅನ್ನುವವರಿಗೆ ‘ಮೈನ್‌ಕ್ರಾಫ್ಟ್’ನ ಮೊದಲ ಆಲ್ಬಮ್ ‘ವಾಲ್ಯೂಮ್ ಆಲ್ಫಾ’ ಇದೆ. 2011ರದ್ದು, ಮಾಡಿದವರು ಸಿ418 ಹೆಸರಿನ ಡೇನಿಯಲ್ ರೋಸೆನ್‌ಫೆಲ್ಡ್. ‘ಸ್ಟಾರ್‌ಡ್ಯೂ ವ್ಯಾಲಿ’ಯೂ ಹೀಗೇ ಹಿತವಾಗಿದೆ. ಬೀಟ್ ಬೇಕು ಅನ್ನುವವರು 1992ರ ‘ಸ್ಟ್ರೀಟ್ಸ್ ಆಫ್ ರೇಜ್ 2’ ಹಾಕಿ. ಅಂದಿನ ಕ್ಲಬ್ ಸಂಗೀತವನ್ನು ಯುಜೊ ಕೊಶಿರೊ ಒಂದು ಪುಟ್ಟ ಸೆಗಾ ಗೇಮ್ ಪೆಟ್ಟಿಗೆಯೊಳಗೆ ತಂದಿಟ್ಟಿದ್ದಾರೆ. ಮನಸ್ಸಿಗೆ ನಾಟುವ ಮೆಲಡಿಯೇ ಬೇಕು ಎಂದರೆ ಯಾಸುನೊರಿ ಮಿತ್ಸುದಾ ಅವರ ‘ಕ್ರೊನೊ ಟ್ರಿಗರ್’, 1995.

‘ಜಿಟಿಎ ವೈಸ್ ಸಿಟಿ’ಯ ಕಾರ್ ರೇಡಿಯೊದಲ್ಲಿ ಬರುವ ಹಾಡುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಮೊದಲೇ ಇದ್ದ ಹಾಡುಗಳು, ಗೇಮಿಗೆ ಲೈಸೆನ್ಸ್ ಪಡೆದು ಹಾಕಿದ್ದು. ಚೆನ್ನಾಗಿಯೇ ಇವೆ. ಆದರೆ ನಾವಿಲ್ಲಿ ಹುಡುಕುತ್ತಿರುವುದು ಗೇಮಿಗಾಗಿಯೇ ಬರೆದ ಸಂಗೀತ.

ಹೆಜ್ಜೆ 2: ಲೂಪ್ ಎಲ್ಲಿ ತಿರುಗುತ್ತದೆ ಅಂತ ಪತ್ತೆ ಮಾಡಿ

ಗೇಮ್ ಸಂಗೀತದ ಕಸುಬುಗಾರಿಕೆ ಜಾಸ್ತಿ ಅಡಗಿರುವುದು ಲೂಪಿನಲ್ಲಿ. ಟ್ಯೂನ್ ಕೊನೆಗೆ ಬಂದು ಸದ್ದಿಲ್ಲದೆ ಮೊದಲಿಗೆ ಸೇರಿಕೊಳ್ಳಬೇಕು. ಸೇರಿದ್ದು ಕೇಳುವವರಿಗೆ ಗೊತ್ತಾಗಬಾರದು. ಆಲ್ಬಮ್‌ಗಳಲ್ಲಿ ಸಾಮಾನ್ಯವಾಗಿ ಈ ಲೂಪನ್ನು ಎರಡು ಸಲ ನುಡಿಸಿ, ಆಮೇಲೆ ನಿಧಾನವಾಗಿ ದನಿ ಇಳಿಸಿ ಮುಗಿಸುತ್ತಾರೆ. ಹಾಗಾಗಿ ಮೂರು ನಿಮಿಷದ ಟ್ರ್ಯಾಕ್ ಅಂದರೆ ಹೆಚ್ಚುಕಡಿಮೆ ಒಂದೂವರೆ ನಿಮಿಷದ ರಚನೆ.

ಮಾರಿಯೊ ಟ್ಯೂನನ್ನೇ ತೆಗೆದುಕೊಳ್ಳಿ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಗೇಮ್ ಪೂರ್ತಿ ಸೇರಿ 40 ಕಿಲೊಬೈಟ್. ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ. ಚಿತ್ರ, ಹಂತಗಳು, ಸಂಗೀತ, ಎಲ್ಲ ಅಷ್ಟರಲ್ಲೇ ಹಿಡಿಯಬೇಕಿತ್ತು. ಇದೇ ಮಾರಿಯೊ ಟ್ಯೂನ್ 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಸೇರಿದ ಮೊದಲ ಗೇಮ್ ಸಂಗೀತ ಅದು. 2025ರಲ್ಲಿ ‘ವಾಲ್ಯೂಮ್ ಆಲ್ಫಾ’ ಕೂಡ ಸೇರಿತು.

ಈಗ ಇದನ್ನೇ ನಾಲ್ಕು ಸಲ ಕೇಳಿ. ಮೊದಲ ಸಲ ಸುಮ್ನೆ ಮೇಲಿನ ಟ್ಯೂನ್ ಜೊತೆ ಗುನುಗಿ. ಎರಡನೇ ಸಲ ಅದನ್ನು ಬಿಟ್ಟು ಕೆಳಗೆ ಓಡುವ ಬೇಸ್ ಮಾತ್ರ ಹಿಂಬಾಲಿಸಿ. ಅದು ಟ್ಯೂನ್ ಜೊತೆ ಒಂದೇ ಸಮ ನಡೆಯದೆ, ಎಡೆಯಲ್ಲಿ ಜಿಗಿಯುತ್ತಾ ಹೋಗುವುದು ಗೊತ್ತಾಗುತ್ತದೆ. ಮೂರನೇ ಸಲ ‘ಚಿಕ್ ಚಿಕ್’ ಅನ್ನುವ ತಾಳದ ಸದ್ದು. ನಾಲ್ಕನೇ ಸಲ ಕಣ್ಣು ಮುಚ್ಚಿ ಲೂಪ್ ತಿರುಗುವ ಜಾಗ ಬಂದಾಗ ಬೆರಳು ಎತ್ತಿ. ಇಷ್ಟು ಮಾಡಿದರೆ ಮುಂದೆ ಯಾವ ಗೇಮ್ ಸಂಗೀತ ಕೇಳಿದರೂ ಕಿವಿ ತಾನಾಗಿಯೇ ಈ ಕೆಲಸ ಮಾಡುತ್ತದೆ.

ಹೆಜ್ಜೆ 3: ಚಿಪ್‌ನ ದನಿ ಗುರುತು ಹಿಡಿಯಿರಿ

ಹಳೇ ಗೇಮ್‌ಗಳಲ್ಲಿ ಸಂಗೀತವನ್ನು ರೆಕಾರ್ಡ್ ಮಾಡಿ ಹಾಕುತ್ತಿರಲಿಲ್ಲ. ಯಾವ ಸ್ವರ, ಎಷ್ಟು ಹೊತ್ತು ಅಂತ ಸೂಚನೆ ಮಾತ್ರ ಬರೆದಿಡುತ್ತಿದ್ದರು. ಯಂತ್ರದ ಒಳಗಿನ ಚಿಪ್ ಆ ಕ್ಷಣಕ್ಕೆ ಅದನ್ನು ನುಡಿಸುತ್ತಿತ್ತು. ಹಾಗಾಗಿ ಪ್ರತಿ ಯಂತ್ರಕ್ಕೂ ಅದರದ್ದೇ ದನಿ.

ನಿಂಟೆಂಡೊದ ಮೊದಲ ಮನೆ ಯಂತ್ರದಲ್ಲಿ, ಅದರ ನಕಲುಗಳಾಗಿ ನಮ್ಮಲ್ಲಿ ಬಂದ ಹಳದಿ ಕ್ಯಾಸೆಟ್ಟಿನ ಯಂತ್ರಗಳಲ್ಲೂ, ಒಟ್ಟು ಐದು ದನಿ, ಅಂದರೆ ಒಂದೇ ಸಲಕ್ಕೆ ಐದು ಸದ್ದು ಮಾತ್ರ. ಎರಡು ‘ಪಲ್ಸ್’ ದನಿಗಳು ಟ್ಯೂನ್ ಮತ್ತು ಅದರ ಜೊತೆಗಾರನಿಗೆ. ಒಂದು ‘ಟ್ರಯಾಂಗಲ್’ ಬೇಸ್‌ಗೆ. ಒಂದು ಬರೀ ಗದ್ದಲ, ಅದೇ ತಾಳ. ಐದನೆಯದು ಪುಟ್ಟ ರೆಕಾರ್ಡಿಂಗ್ ತುಣುಕುಗಳಿಗೆ. ಮಾರಿಯೊ ಜಿಗಿದಾಗ ಬರುವ ಸದ್ದಿಗೂ ಇದರಲ್ಲೇ ಒಂದು ದನಿ ಬೇಕು. ಅಷ್ಟು ಹೊತ್ತು ಆ ದನಿಯಲ್ಲಿದ್ದ ಸಂಗೀತ ಮಾಯ. ಗೇಮ್ ಆಡುವಾಗಿನ ರೆಕಾರ್ಡಿಂಗ್ ಹಾಕಿ, ಜಿಗಿತದ ಕ್ಷಣದಲ್ಲಿ ಹಿಂದಿನ ಸಂಗೀತಕ್ಕೆ ಕಿವಿ ಕೊಡಿ. ತೆಳ್ಳಗಾಗುವುದು ಕೇಳಿಸುತ್ತದೆ. ಆಲ್ಬಮ್‌ನಲ್ಲಿ ಕೇಳುವಾಗ ಮೊದಲ ಬಾರಿಗೆ ಪೂರ್ತಿ ಟ್ಯೂನ್ ಸಿಗುತ್ತದೆ.

ಚಿಪ್ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ‘ಕ್ಯಾಸಲ್‌ವೇನಿಯಾ 3’. 1989ರಲ್ಲಿ ಜಪಾನಿನಲ್ಲಿ ಬಂದ ಆವೃತ್ತಿಯ ಕ್ಯಾಸೆಟ್ಟಿನೊಳಗೆ ಕೊನಾಮಿ ಕಂಪನಿ ತನ್ನದೇ ವಿಆರ್‌ಸಿ6 ಚಿಪ್ ಇಟ್ಟು ಇನ್ನೂ ಮೂರು ದನಿ ಸೇರಿಸಿತ್ತು. ಅಮೆರಿಕದ ಆವೃತ್ತಿಯಲ್ಲಿ ಆ ಚಿಪ್ ಇಲ್ಲ. ‘ಬಿಗಿನಿಂಗ್’ ಎನ್ನುವ ಟ್ರ್ಯಾಕನ್ನು ಎರಡೂ ಆವೃತ್ತಿಗಳಲ್ಲಿ ಒಂದರ ಹಿಂದೆ ಒಂದು ಕೇಳಿ. ಅದೇ ಟ್ಯೂನ್, ಅದೇ ವೇಗ. ಜಪಾನಿನದ್ದರಲ್ಲಿ ದನಿ ತುಂಬಿಕೊಂಡಿದೆ. ನನಗೆ ಜಪಾನಿನದ್ದೇ ಇಷ್ಟ, ಅಮೆರಿಕದ್ದರ ಬಿಗಿ ಇಷ್ಟಪಡುವವರೂ ಇದ್ದಾರೆ.

ಉಳಿದ ಯಂತ್ರಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಸೆಗಾ ಮೆಗಾ ಡ್ರೈವ್‌ನಲ್ಲಿ ಯಮಹಾದ ಎಫ್‌ಎಂ ಚಿಪ್ (ರೇಡಿಯೊ ಅಲ್ಲ, ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ದನಿ ಹುಟ್ಟಿಸುವ ವಿಧಾನ), ಅದಕ್ಕೇ ಲೋಹದ ಹರಿತ. ಸೂಪರ್ ನಿಂಟೆಂಡೊದ ಸೌಂಡ್ ಚಿಪ್ ಮಾಡಿಕೊಟ್ಟದ್ದು ಸೋನಿ. ಎಂಟು ದನಿ, ನಿಜವಾದ ವಾದ್ಯಗಳ ತುಣುಕು, ಆದರೆ ಎಲ್ಲಕ್ಕೂ ಸೇರಿ 64 ಕಿಲೊಬೈಟ್ ಜಾಗ. ಅದಕ್ಕೇ ಅದರ ಪಿಟೀಲು, ಕೊಳಲು ಎಲ್ಲ ಸ್ವಲ್ಪ ಮಂಜು ಮಂಜು. ಆ ಮಂಜನ್ನೇ ಬಳಸಿಕೊಂಡು ಡೇವಿಡ್ ವೈಸ್ 1994ರ ‘ಡಾಂಕಿ ಕಾಂಗ್ ಕಂಟ್ರಿ’ಯಲ್ಲಿ ನೀರಿನಡಿಯ ‘ಅಕ್ವಾಟಿಕ್ ಆ್ಯಂಬಿಯೆನ್ಸ್’ ಮಾಡಿದ್ದು. ಕಾಮೊಡೊರ್ 64 ಕಂಪ್ಯೂಟರ್‌ನಲ್ಲಿ ಮೂರೇ ದನಿ. ರಾಬ್ ಹಬ್ಬರ್ಡ್ ಮತ್ತು ಮಾರ್ಟಿನ್ ಗಾಲ್ವೇ ಆ ಮೂರರಲ್ಲೇ ಏನೇನು ಮಾಡಿದ್ದಾರೆ ಅಂತ ಕೇಳಿಯೇ ನೋಡಬೇಕು.

ಯೂಟ್ಯೂಬ್‌ನಲ್ಲಿ ಗೇಮ್ ಹೆಸರಿನ ಜೊತೆ ‘ಆಸಿಲೋಸ್ಕೋಪ್’ ಅಂತ ಸೇರಿಸಿ ಹುಡುಕಿ. ಒಂದೊಂದು ದನಿಯ ಅಲೆಯನ್ನೂ ಬೇರೆ ಬೇರೆ ಗೆರೆಯಾಗಿ ತೋರಿಸುವ ವಿಡಿಯೊಗಳು ಸಿಗುತ್ತವೆ. ಕಿವಿಗೆ ಸಿಗದಿದ್ದುದನ್ನು ಕಣ್ಣು ಹಿಡಿದುಕೊಡುತ್ತದೆ.

ಹೆಜ್ಜೆ 4: ಆಟದ ಜೊತೆ ಸಂಗೀತ ಬದಲಾಗುವುದನ್ನು ನೋಡಿ

ಈ ಒಂದು ಹೆಜ್ಜೆಗೆ ಆಲ್ಬಮ್ ಸಾಲದು. ಗೇಮ್ ಆಡಬೇಕು, ಇಲ್ಲವೇ ಬೇರೆಯವರು ಮಾತಿಲ್ಲದೆ ಆಡಿರುವ ಪೂರ್ತಿ ವಿಡಿಯೊ ನೋಡಬೇಕು. ‘ನೋ ಕಾಮೆಂಟರಿ’ ಅಂತ ಹುಡುಕಿದರೆ ಸಿಗುತ್ತದೆ.

ಈ ಕಲೆಯ ಬೀಜ 1978ರ ‘ಸ್ಪೇಸ್ ಇನ್‌ವೇಡರ್ಸ್’ನಲ್ಲೇ ಇತ್ತು. ನಾಲ್ಕೇ ನಾಲ್ಕು ಕೆಳದನಿಯ ಸ್ವರಗಳು ತಿರುಗುತ್ತಿರುತ್ತವೆ. ಶತ್ರುಗಳು ಕಡಿಮೆಯಾಗುತ್ತಾ ಬಂದಂತೆ ವೇಗ ಏರುತ್ತದೆ. ಆಡುವವರ ಎದೆಬಡಿತವೂ ಜೊತೆಗೇ ಏರುತ್ತದೆ. 1990ರ ‘ಸೂಪರ್ ಮಾರಿಯೊ ವರ್ಲ್ಡ್’ನಲ್ಲಿ ಮಾರಿಯೊ ಯೋಶಿ ಎಂಬ ಡೈನೊಸಾರ್‌ನ ಬೆನ್ನೇರಿದ ಕೂಡಲೇ ಅದೇ ಟ್ಯೂನಿಗೆ ಬಾಂಗೊ ಎಂಬ ಚಿಕ್ಕ ಡೋಲು ಸೇರಿಕೊಳ್ಳುತ್ತದೆ. ಇಳಿದರೆ ಬಾಂಗೊ ನಿಲ್ಲುತ್ತದೆ.

1991ರ ‘ಮಂಕಿ ಐಲ್ಯಾಂಡ್ 2’ ಇದನ್ನು ಇನ್ನೊಂದು ಮಟ್ಟಕ್ಕೆ ಒಯ್ದಿತು. ಲ್ಯೂಕಾಸ್‌ಆರ್ಟ್ಸ್ ಗೇಮ್ ಕಂಪನಿಯ ಮೈಕೇಲ್ ಲ್ಯಾಂಡ್, ಪೀಟರ್ ಮೆಕಾನೆಲ್ ಸೇರಿ ಐಮ್ಯೂಸ್ ಎಂಬ ವ್ಯವಸ್ಥೆ ಕಟ್ಟಿದರು. ಗೇಮಿನಲ್ಲಿ ವುಡ್‌ಟಿಕ್ ಅಂತ ಒಂದು ಊರಿದೆ, ಹಳೇ ಹಡಗುಗಳನ್ನೇ ಮನೆ ಮಾಡಿಕೊಂಡ ಊರು. ಹೊರಗೆ ನಡೆಯುವಾಗ ಒಂದು ಟ್ಯೂನ್. ಒಂದು ಬಾಗಿಲು ದಾಟಿ ಒಳಗೆ ಹೋದರೆ ಟ್ಯೂನ್ ತುಂಡಾಗುವುದಿಲ್ಲ. ಒಂದು ಚೂರು ತಿರುವು ತೆಗೆದುಕೊಂಡು ಆ ಕೋಣೆಯವರ ವಾದ್ಯಕ್ಕೆ ಹೊರಳುತ್ತದೆ. ಹೊರಗೆ ಬಂದರೆ ಮತ್ತೆ ಹೊರಳುತ್ತದೆ. ಈ ಊರಿನ ವಿಡಿಯೊ ಹತ್ತು ನಿಮಿಷ ನೋಡಿ, ಬಾಗಿಲುಗಳ ಹತ್ತಿರ ಮಾತ್ರ ಕಿವಿ ಚುರುಕು ಮಾಡಿ. ಮೂವತ್ತು ವರ್ಷಕ್ಕೂ ಹಿಂದಿನ ಕೆಲಸ, ಈಗಲೂ ಇದರಷ್ಟು ನುಣುಪಾಗಿ ಮಾಡಿದವರು ಕಡಿಮೆ ಅನ್ನುವುದು ನನ್ನ ಅಭಿಪ್ರಾಯ.

ಮೈನ್‌ಕ್ರಾಫ್ಟ್ ಇದಕ್ಕೆ ತದ್ವಿರುದ್ಧ. ಅಲ್ಲಿ ಎಷ್ಟೋ ನಿಮಿಷ ಸಂಗೀತವೇ ಇರುವುದಿಲ್ಲ. ಮಣ್ಣು ಅಗೆಯುವ ಸದ್ದು ಮಾತ್ರ. ನಡುವೆ ಎಲ್ಲಿಂದಲೋ ಪಿಯಾನೊ ಬಂದು ಹೋಗುತ್ತದೆ. ಅದಕ್ಕೇ ಆ ಆಲ್ಬಮ್ ಕೇಳುವಾಗ ಟ್ರ್ಯಾಕ್‌ಗಳ ನಡುವೆ ಸ್ವಲ್ಪ ಬಿಡುವು ಕೊಡಿ. ಒಂದು ಮುಗಿಸಿ, ಕೆಲಸ ಮಾಡಿ, ಆಮೇಲೆ ಇನ್ನೊಂದು.

‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ನಲ್ಲಿ ದಿನದ ಪ್ರತಿ ಗಂಟೆಗೂ ಬೇರೆ ಟ್ಯೂನ್ ಇದೆ. ಸಂಜೆ ಐದರದ್ದನ್ನು ಸಂಜೆ ಐದಕ್ಕೇ ಕೇಳಿ. ಬೇರೆ ಸೂಚನೆ ಬೇಡ.

ಹೆಜ್ಜೆ 5: ಒಂದೇ ಟ್ಯೂನ್, ಹಲವು ರೂಪ

ರಾಗ ಒಂದೇ ಆದರೂ ಹಾಡುವವರು ಬದಲಾದರೆ ಮತ್ತೆ ಕೂತು ಕೇಳುವ ಅಭ್ಯಾಸ ನಮ್ಮವರಿಗಿದೆ ಅಲ್ವಾ? ಗೇಮ್ ಸಂಗೀತದಲ್ಲೂ ಅದೇ ಸುಖ ಇದೆ. ಜಪಾನಿನ ಆಲ್ಬಮ್‌ಗಳಲ್ಲಿ ಮೂರು ಬಗೆ ನೋಡುತ್ತೀರಿ. ‘ಒರಿಜಿನಲ್ ಸೌಂಡ್‌ಟ್ರ್ಯಾಕ್’ ಅಂದರೆ ಗೇಮಿನಲ್ಲಿದ್ದದ್ದೇ. ‘ಅರೇಂಜ್’ ಅಂದರೆ ಬೇರೆ ವಾದ್ಯಗಳಿಗೆ ಹೊಸದಾಗಿ ಕಟ್ಟಿದ್ದು. ‘ಪಿಯಾನೊ ಕಲೆಕ್ಷನ್ಸ್’ ಅಂದರೆ ಬರೀ ಪಿಯಾನೊ.

ಶುರು ಮಾಡಲು ‘ಫೈನಲ್ ಫ್ಯಾಂಟಸಿ 6’ರ ಒಪೆರಾ ದೃಶ್ಯಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 1994ರ ಸೂಪರ್ ನಿಂಟೆಂಡೊ ಗೇಮ್, ಸಂಗೀತ ನೊಬುವೊ ಉಯೆಮಾತ್ಸು. ಕಥೆಯಲ್ಲಿ ಸೆಲೆಸ್ ಎಂಬ ಯೋಧೆ ಒಪೆರಾ ಗಾಯಕಿಯ ವೇಷ ಹಾಕಿ ರಂಗದ ಮೇಲೆ ಹಾಡಬೇಕು. ಆದರೆ ಆ ಯಂತ್ರದಲ್ಲಿ ಮನುಷ್ಯರ ಹಾಡು ಹಿಡಿಸಲು ಜಾಗ ಎಲ್ಲಿದೆ? ಉಯೆಮಾತ್ಸು ದನಿಯಂತೆ ಕೇಳುವ ಒಂದು ನಡುಗುವ ಸದ್ದು ಬಳಸಿದರು, ಸಾಹಿತ್ಯ ಪರದೆಯ ಮೇಲೆ ಬರುತ್ತಿತ್ತು. ಮೊದಲು ಇದನ್ನೇ ಕೇಳಿ. ಆಮೇಲೆ ಆರ್ಕೆಸ್ಟ್ರಾ ಜೊತೆ ನಿಜವಾದ ಗಾಯಕರು ಹಾಡಿದ ಕಛೇರಿ ರೂಪ. ಕೊನೆಗೆ 2022ರ ಪಿಕ್ಸೆಲ್ ರೀಮಾಸ್ಟರ್, ಅಂದರೆ ಅದೇ ಗೇಮಿನ ಹೊಸ ಆವೃತ್ತಿ, ಅದರಲ್ಲಿ ಇದೇ ದೃಶ್ಯವನ್ನು ಹಲವು ಭಾಷೆಗಳಲ್ಲಿ ಹಾಡಿಸಿದ್ದಾರೆ. ಮೂರನ್ನೂ ಕೇಳಿ ಮತ್ತೆ ಮೊದಲನೆಯದಕ್ಕೆ ಬನ್ನಿ. ಆ ನಡುಗುವ ಸದ್ದಿನಲ್ಲಿ ಈಗ ಪದಗಳೇ ಕೇಳಿಸತೊಡಗುತ್ತವೆ.

ಅಭಿಮಾನಿಗಳು ಮಾಡಿದ ಮರುರಚನೆಗಳ ದೊಡ್ಡ ಭಂಡಾರ ‘ಓವರ್‌ಕ್ಲಾಕ್ಡ್ ರೀಮಿಕ್ಸ್’. 1999ರಿಂದ ನಡೆಯುತ್ತಿದೆ, ಎಲ್ಲ ಉಚಿತ. ಜಾಝ್ ಇಷ್ಟಪಡುವವರು ಚಾರ್ಲಿ ರೋಸೆನ್ ಅವರ ‘8-ಬಿಟ್ ಬಿಗ್ ಬ್ಯಾಂಡ್’ ಕೇಳಿ. ಕರ್ಬಿ ಗೇಮಿನ ‘ಮೆಟಾ ನೈಟ್ಸ್ ರಿವೆಂಜ್’ ಟ್ಯೂನಿನ ಮರುರಚನೆಗೆ ಅವರಿಗೆ 2022ರಲ್ಲಿ ಗ್ರ್ಯಾಮಿ ಬಂತು. ಜರ್ನಿಯನ್ನು ವಾರವಿಡೀ ಕೇಳಿದವರಿಗೆ ಒಂದು ಬಹುಮಾನವೂ ಇದೆ. ಹತ್ತು ವರ್ಷ ಆದ ಮೇಲೆ, 2022ರಲ್ಲಿ, ವಿಂಟೊರಿ ಅದನ್ನೇ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ‘ಟ್ರಾವೆಲರ್’ ಹೆಸರಿನಲ್ಲಿ ಹೊಸದಾಗಿ ಬರೆದು ನುಡಿಸಿದರು.

ಹೆಜ್ಜೆ 6: ಹೆಸರು ಹಿಡಿದು ಹೋಗಿ

ಒಂದು ಆಲ್ಬಮ್ ಇಷ್ಟವಾಯಿತೇ? ಗೇಮಿನ ಮುಂದಿನ ಭಾಗ ಹುಡುಕಬೇಡಿ. ಸಂಗೀತ ಮಾಡಿದವರ ಹೆಸರು ಹುಡುಕಿ. ‘ವಿಜಿಎಂಡಿಬಿ’ ಎನ್ನುವ ತಾಣದಲ್ಲಿ ಯಾವ ಆಲ್ಬಮ್, ಯಾವ ವರ್ಷ, ಯಾರು ಬರೆದದ್ದು ಎಲ್ಲ ಇದೆ.

ಹಳೇ ಗೇಮ್‌ಗಳಲ್ಲಿ ಇದು ಸುಲಭವಲ್ಲ. ಎಷ್ಟೋ ಸಂಗೀತಗಾರರ ನಿಜ ಹೆಸರನ್ನು ಹಾಕುತ್ತಲೇ ಇರಲಿಲ್ಲ. 1986ರ ಮೊದಲ ‘ಕ್ಯಾಸಲ್‌ವೇನಿಯಾ’ದ ಸಂಗೀತ ಕಿನುಯೊ ಯಾಮಾಶಿತಾ ಎಂಬ ಹೆಣ್ಣುಮಗಳದ್ದು. ಗೇಮಿನಲ್ಲಿ ಕಾಣುವುದು ‘ಜೇಮ್ಸ್ ಬನಾನಾ’. ಅಂದಿನ ಜಪಾನಿನ ಗೇಮ್ ಕಂಪನಿಗಳಲ್ಲಿ ಹೀಗೆ ಮರೆಯಲ್ಲಿ ಕೂತು ಬರೆದ ಹೆಣ್ಣುಮಕ್ಕಳು ಹಲವರು. 1987ರ ‘ಮೆಗಾ ಮ್ಯಾನ್’ ಮನಾಮಿ ಮಾತ್ಸುಮಾಯೆ ಅವರದ್ದು. 1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿ ರ್‍ಯು, ಗೈಲ್ ಮುಂತಾದವರ ಟ್ಯೂನ್‌ಗಳನ್ನು ಬರೆದವರು ಯೋಕೊ ಶಿಮೊಮುರಾ. ಶಿಮೊಮುರಾ ಅವರಿಂದ ಶುರು ಮಾಡಿ. ಸ್ಟ್ರೀಟ್ ಫೈಟರ್‌ನ ಅಬ್ಬರ ಕೇಳಿ, ನೇರ 2002ರ ‘ಕಿಂಗ್‌ಡಮ್ ಹಾರ್ಟ್ಸ್’ನ ಪಿಯಾನೊಗೆ ಬನ್ನಿ. ಇಬ್ಬರೂ ಒಬ್ಬರೇನಾ ಅನ್ನಿಸುತ್ತದೆ.

ನಮ್ಮ ಕಡೆಯ ನಂಟಿರುವ ಮೂರು ಹೆಸರು ಇಲ್ಲೇ ಹೇಳುತ್ತೇನೆ. 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹೊಯ್ಸಳರು, ಬೇಲೂರು, ಹಳೇಬೀಡು ಎಲ್ಲ ಬರುತ್ತವೆ. ಸಂಗೀತ ಹೆನ್ರಿ ಜಾಕ್‌ಮನ್. 2020ರ ‘ರಾಜಿ’ ಪುಣೆಯವರು ಮಾಡಿದ ಗೇಮ್, ಸಂಗೀತ ಮಾತ್ರ ಗ್ರೀಸಿನ ಲಿನೋಸ್ ಜೆಲೋಸ್ ಅವರದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು, ಹೊರಗಿನವರ ಕಿವಿಗೆ ನಮ್ಮ ನಾಡು ಹೇಗೆ ಕೇಳಿಸುತ್ತದೆ ಅಂತ ನೋಡಿ. ಮೂರನೆಯವರು ಕ್ರಿಸ್ಟೊಫರ್ ಟಿನ್. 2005ರ ‘ಸಿವಿಲೈಸೇಶನ್ 4’ಕ್ಕೆ ಅವರು ಬರೆದ ‘ಬಾಬಾ ಯೇತು’ ಸ್ವಾಹಿಲಿ ಭಾಷೆಯ ಕ್ರೈಸ್ತ ಪ್ರಾರ್ಥನೆ. 2011ರಲ್ಲಿ ಇದಕ್ಕೆ ಬಂದದ್ದೇ ಗೇಮ್ ಸಂಗೀತದ ಮೊದಲ ಗ್ರ್ಯಾಮಿ. ಈ ಹಾಡಿರುವ ‘ಕಾಲಿಂಗ್ ಆಲ್ ಡಾನ್ಸ್’ ಆಲ್ಬಮ್‌ನಲ್ಲಿ ಭಗವದ್ಗೀತೆಯ ಸಾಲುಗಳ ‘ಶುಕ್ಲ ಕೃಷ್ಣೇ’ ಕೂಡ ಇದೆ.

ಹೆಜ್ಜೆ 7: ಎಲ್ಲಿ ಸಿಗುತ್ತದೆ, ಎಲ್ಲಿ ಕೊಳ್ಳಬೇಕು

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಬಹಳಷ್ಟು ಸಿಗುತ್ತದೆ. ಹುಡುಕುವಾಗ ಗೇಮಿನ ಹೆಸರಿನ ಜೊತೆ ಸಂಗೀತಗಾರರ ಹೆಸರನ್ನೂ ಹಾಕಿ. ಇಲ್ಲದಿದ್ದರೆ ಮೇಲೆ ಬರುವುದು ಯಾರೋ ಮೆತ್ತಗೆ ಮತ್ತೆ ನುಡಿಸಿದ ಲೋ-ಫೈ ಕವರ್. ನಿಂಟೆಂಡೊ ಸಂಗೀತ ಅಲ್ಲಿ ಅಪರೂಪ. ಅದಕ್ಕೆ ಕಂಪನಿ 2024ರಲ್ಲಿ ‘ನಿಂಟೆಂಡೊ ಮ್ಯೂಸಿಕ್’ ಎಂಬ ಸ್ವಂತ ಆ್ಯಪ್ ಬಿಟ್ಟಿದೆ, ಅದರ ಆನ್‌ಲೈನ್ ಚಂದಾದಾರರಿಗೆ ಮಾತ್ರ. ಲೂಪನ್ನು ಒಂದು ಗಂಟೆಯವರೆಗೆ ಹಿಗ್ಗಿಸಿ ಕೇಳುವ ಸೌಲಭ್ಯ ಅದರಲ್ಲಿದೆ.

ಯೂಟ್ಯೂಬ್‌ನಲ್ಲಿ ಅಭಿಮಾನಿಗಳು ಹಾಕಿದ್ದನ್ನೇ ನಂಬಿ ಕೂರಬೇಡಿ. ಹಕ್ಕಿನ ವಿಷಯ ಬಂದರೆ ರಾತ್ರೋರಾತ್ರಿ ಹೋಗುತ್ತದೆ. ಇಷ್ಟವಾದದ್ದನ್ನು ಕೊಂಡಿಟ್ಟುಕೊಳ್ಳಿ. ಸಣ್ಣ ತಂಡಗಳ ಗೇಮ್‌ಗಳಿಗೆ ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರುವ ತಾಣ ಒಳ್ಳೆಯದು. ಕೊಟ್ಟ ದುಡ್ಡಿನಲ್ಲಿ ಹೆಚ್ಚಿನ ಪಾಲು ಸಂಗೀತಗಾರರಿಗೆ ಹೋಗ್ತದೆ, ಗುಣಮಟ್ಟ ಕಡಿಮೆಯಾಗದ ಫ್ಲ್ಯಾಕ್ ಫೈಲ್ ಡೌನ್‌ಲೋಡ್ ಮಾಡಿಕೊಳ್ಳಬಹುದು. ಲೀನಾ ರೇನ್ ಅವರ ‘ಸೆಲೆಸ್ಟ್’, ಕ್ರಿಸ್ಟೊಫರ್ ಲಾರ್ಕಿನ್ ಅವರ ‘ಹಾಲೋ ನೈಟ್’ ಅಲ್ಲಿವೆ. ಗೇಮ್ ಮಾರುವ ಸ್ಟೀಮ್ ತಾಣದಲ್ಲಿ 2020ರಿಂದ ಗೇಮ್ ಇಲ್ಲದೆ ಸೌಂಡ್‌ಟ್ರ್ಯಾಕ್ ಮಾತ್ರವೂ ಕೊಳ್ಳಬಹುದು, ಬೆಲೆ ರೂಪಾಯಿಯಲ್ಲೇ ಇರುತ್ತದೆ. ವಿನೈಲ್ (ಗ್ರಾಮಫೋನ್ ತಟ್ಟೆ) ಚಂದ, ಆದರೆ ಹೊರದೇಶದಿಂದ ತರಿಸಿದರೆ ಸಾಗಣೆ ಮತ್ತು ಕಸ್ಟಮ್ಸ್ ಸೇರಿ ಬೆಲೆ ಏರುತ್ತದೆ. ಮೊದಲು ಒಂದನ್ನು ತರಿಸಿ ನೋಡಿ.

ಹೆಜ್ಜೆ 8: ಕಛೇರಿಗೆ ಹೋಗಿ

1987ರಲ್ಲೇ ಟೋಕಿಯೊದಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ನ ಸಂಗೀತವನ್ನು ಆರ್ಕೆಸ್ಟ್ರಾ ನುಡಿಸಿತ್ತು, ರಚನೆ ಕೊಇಚಿ ಸುಗಿಯಾಮಾ ಅವರದ್ದು. ಜಪಾನಿನ ಹೊರಗೆ ಇಂಥ ಸಿಂಫನಿ ಕಛೇರಿ ಮೊದಲು ನಡೆದದ್ದು 2003ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆ ನೋಡಿದವರು ಈ ಸಂಗೀತವನ್ನು ಗೊತ್ತಿಲ್ಲದೆಯೇ ಕೇಳಿದ್ದಾರೆ. ಕ್ರೀಡಾಪಟುಗಳ ಮೆರವಣಿಗೆ ಶುರುವಾದದ್ದೇ ಡ್ರ್ಯಾಗನ್ ಕ್ವೆಸ್ಟ್ ಟ್ಯೂನಿನಿಂದ, ನಮ್ಮ ತಂಡ ನಡೆದು ಬಂದದ್ದೂ ಗೇಮ್ ಸಂಗೀತದ ಜೊತೆಗೇ. ಮರುವರ್ಷ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲೂ ಮೊದಲ ಬಾರಿ ಗೇಮ್ ಸಂಗೀತದ ಸಂಜೆ ನಡೆಯಿತು.

ಲಂಡನ್, ಕ್ಯಾಲಿಫೋರ್ನಿಯಾ, ಜರ್ಮನಿಯಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಫೈನಲ್ ಫ್ಯಾಂಟಸಿಯ ‘ಡಿಸ್ಟೆಂಟ್ ವರ್ಲ್ಡ್ಸ್’ 2007ರಿಂದ ಊರೂರು ಸುತ್ತುತ್ತಿದೆ. ಹೋಗುವ ಮುಂಚೆ ಅದೇ ಸರಣಿಯ ‘ಒನ್-ವಿಂಗ್ಡ್ ಏಂಜೆಲ್’ ಒಂದನ್ನಾದರೂ ಕೇಳಿಕೊಂಡು ಹೋಗಿ. ಇಲ್ಲಿರುವವರು ಒಳ್ಳೆ ಹೆಡ್‌ಫೋನ್ ಹಾಕಿ ಅಧಿಕೃತ ರೆಕಾರ್ಡಿಂಗ್ ಕೇಳಬೇಕಷ್ಟೆ.

ಹೆಜ್ಜೆ 9: ನೀವೇ ನುಡಿಸಿ

ಮನೆಯಲ್ಲಿ ಕೀಬೋರ್ಡ್, ಕೊಳಲು, ವೀಣೆ ಯಾವುದಿದ್ದರೂ ಸಾಕು. ಮೊದಲ ಪಾಠ 1998ರ ‘ಜೆಲ್ಡಾ: ಆಕರಿನಾ ಆಫ್ ಟೈಮ್’. ಗೇಮಿನ ನಾಯಕ ಆಕರಿನಾ ಎಂಬ ಊದುವ ವಾದ್ಯ ನುಡಿಸುತ್ತಾನೆ. ಕಂಟ್ರೋಲರ್‌ನಲ್ಲಿ ಅದಕ್ಕೆ ಐದೇ ಗುಂಡಿ. ಆ ಐದು ಸ್ವರದಲ್ಲೇ ಕೊಂಡೊ ಹನ್ನೆರಡು ಹಾಡುಗಳನ್ನು ಕಟ್ಟಿದರು. ಕೀಬೋರ್ಡಿನ ಡಿ ಬಿಳಿಮನೆಯನ್ನು ಷಡ್ಜ ಮಾಡಿಕೊಂಡರೆ ಆ ಐದು ಹೀಗೆ: ಸ, ಸಾಧಾರಣ ಗಾಂಧಾರ, ಪ, ಚತುಶ್ರುತಿ ಧೈವತ, ಮೇಲಿನ ಸ. ಎಲ್ಲವೂ ಬಿಳಿಮನೆಗಳೇ.

‘ಜೆಲ್ಡಾಸ್ ಲಲಬೈ’: ದ, ಮೇಲಿನ ಸ, ಪ. ಇದನ್ನೇ ಎರಡು ಸಲ, ಮೂರೆಣಿಕೆಯ ನಡೆಯಲ್ಲಿ, ನಿಧಾನವಾಗಿ.
‘ಸರಿಯಾಸ್ ಸಾಂಗ್’: ಗ ಪ ದ, ಗ ಪ ದ. ಚುರುಕಾಗಿ.
‘ಸಾಂಗ್ ಆಫ್ ಸ್ಟಾರ್ಮ್ಸ್’: ಸ, ಗ, ಮೇಲಿನ ಸ. ಎರಡು ಸಲ.

ಮೂರೇ ಸ್ವರದಲ್ಲಿ ಲಾಲಿ ಲಾಲಿಯಾಗಿಯೇ, ಮಳೆ ಮಳೆಯಾಗಿಯೇ ಕೇಳಿಸುತ್ತದೆ. ಸರಳೆ ವರಸೆ ಕಲಿಯುತ್ತಿರುವ ಮಕ್ಕಳಿಗೂ ಹೇಳಿಕೊಡಿ, ಬಹಳ ಖುಷಿಪಡುತ್ತಾರೆ.

ಎರಡನೇ ಪಾಠ ಟೆಟ್ರಿಸ್. 1989ರಲ್ಲಿ ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್‌ಗೆ ಬಂದ ಆವೃತ್ತಿಯಲ್ಲಿ ‘ಎ’ ಅಂತ ಗುರುತಿಸಿದ ಟ್ಯೂನ್ ಎಲ್ಲರಿಗೂ ಗೊತ್ತು. ಅದು ‘ಕೊರೊಬೇಯ್ನಿಕಿ’ ಎಂಬ ರಷ್ಯನ್ ಜನಪದ ಹಾಡು. ಊರೂರು ಸುತ್ತುವ ವ್ಯಾಪಾರಿಗಳ ಬಗ್ಗೆ ನೆಕ್ರಾಸೊವ್ 1861ರಲ್ಲಿ ಬರೆದ ಕವನದಿಂದ ಬಂದದ್ದು. ಗೇಮ್ ಬಾಯ್‌ಗೆ ಹೊಂದಿಸಿದವರು ಹಿರೊಕಾಜು ತನಾಕಾ. ಎ ಬಿಳಿಮನೆಯನ್ನು ಷಡ್ಜ ಮಾಡಿಕೊಳ್ಳಿ.

ಮೊದಲ ಸಾಲು: ಪ, ರಿ ಗ ಮ, ಗ ರಿ ಸ, ಸ ಗ ಪ, ಮ ಗ ರಿ, ಗ ಮ, ಪ, ಗ, ಸ, ಸ.
ಎರಡನೇ ಸಾಲು: ಮ, ದ, ಮೇಲಿನ ಸ, ನಿ ದ ಪ, ಗ ಪ, ಮ ಗ ರಿ, ರಿ ಗ ಮ, ಪ, ಗ, ಸ, ಸ.
ಆಮೇಲಿನ ನಿಧಾನದ ಭಾಗ: ಪ ಗ ಮ ರಿ, ಗ ಸ ನಿ ರಿ.

ಎರಡನೇ ಸಾಲಿನ ನಿಷಾದ ಕೈಶಿಕಿ, ಬಿಳಿಮನೆ. ಅಲ್ಲಿಯವರೆಗೆ ಸ್ವರಗಳೆಲ್ಲ ನಟಭೈರವಿ ರಾಗದವು. ನಿಧಾನದ ಭಾಗದಲ್ಲಿ ಷಡ್ಜದ ಕೆಳಗೆ ಬರುವ ನಿಷಾದ ಮಾತ್ರ ಕಾಕಲಿ, ಕರಿಮನೆ. ಅದೊಂದೇ ಸ್ವರ ಬದಲಾಗಿ ಕೀರವಾಣಿಯ ಛಾಯೆ ಬಂದುಬಿಡುತ್ತದೆ. ಟೆಟ್ರಿಸ್ ಆಡುವಾಗ ಆ ಭಾಗದಲ್ಲಿ ಮನಸ್ಸು ಯಾಕೆ ಭಾರವಾಗುತ್ತಿತ್ತು ಎನ್ನುವುದಕ್ಕೆ ಕಾರಣ ಆ ಒಂದು ನಿಷಾದ. ಸ್ವರಸ್ಥಾನಗಳ ಮಟ್ಟಿಗೆ ಇದು ನಿಜ, ರಾಗದ ನಡೆ ಬೇರೆಯೇ. ಮೊದಲು ಗಮಕ ಹಾಕದೆ ನೇರ ನುಡಿಸಿ. ಕೈಗೆ ಬಂದ ಮೇಲೆ ಗಾಂಧಾರವನ್ನು ಚೂರು ಅಲ್ಲಾಡಿಸಿ ನೋಡಿ.

ಬೇರೆ ಟ್ಯೂನ್‌ಗಳಿಗೆ ಮ್ಯೂಸ್‌ಸ್ಕೋರ್ ತಾಣದಲ್ಲಿ ಸ್ಟಾಫ್ ಲಿಪಿ, ಅಂದರೆ ಪಾಶ್ಚಾತ್ಯ ಸ್ವರಲಿಪಿ, ಸಿಗುತ್ತದೆ. ನುಡಿಸಿದ್ದನ್ನು ಯೂಟ್ಯೂಬಿಗೆ ಹಾಕುವಾಗ ಗೇಮಿನ ಹೆಸರಿನ ಜೊತೆ ಸಂಗೀತಗಾರರ ಹೆಸರನ್ನೂ ಬರೆಯಿರಿ.

ಹೆಜ್ಜೆ 10: ಒಂದು ಸ್ವಂತ ಲೂಪ್ ಮಾಡಿ

ಇಷ್ಟು ದೂರ ಬಂದವರಿಗೆ ಕೈ ತುರಿಸುತ್ತಿರುತ್ತದೆ. ‘ಬೀಪ್‌ಬಾಕ್ಸ್’ ಎಂಬ ಸಂಗೀತ ಕಟ್ಟುವ ತಾಣ ತೆರೆಯಿರಿ. ಬ್ರೌಸರ್‌ನಲ್ಲೇ ನಡೆಯುತ್ತದೆ, ದುಡ್ಡು ಬೇಡ, ಖಾತೆ ಬೇಡ. ಪರದೆಯ ಮೇಲೆ ಮನೆಗಳು ಕಾಣುತ್ತವೆ, ಒತ್ತಿದ ಕಡೆ ಸ್ವರ ಬರುತ್ತದೆ. ನೀವು ಮಾಡಿದ ಹಾಡು ಪುಟದ ವಿಳಾಸದೊಳಗೇ ಸೇರಿರುತ್ತದೆ. ಆ ಲಿಂಕ್ ಕಳಿಸಿದರೆ ಹಾಡೇ ಕಳಿಸಿದಂತೆ.

ಎಂಟು ಬಾರ್ (ತಾಳದ ಎಂಟು ಆವರ್ತ) ಸಾಕು. ಮೊದಲು ಬೇಸ್ ಹಾಕಿ, ಒಂದು ಬಾರ್‌ಗೆ ಎರಡೇ ಸ್ವರ. ಮೇಲೆ ಐದು ಸ್ವರದ ಒಂದು ಟ್ಯೂನ್. ಮೋಹನ ರಾಗದ ಸ್ವರಗಳನ್ನು ಹಿಡಿದರೆ ಯಾವುದೂ ಅಪಸ್ವರ ಅನ್ನಿಸುವುದಿಲ್ಲ. ಎರಡನೇ ದನಿಯನ್ನು ಟ್ಯೂನ್ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಇಡಿ. ಕೊನೆಗೆ ತಾಳ. ಎಂಟನೇ ಬಾರ್‌ನ ಕೊನೆಯ ಸ್ವರವನ್ನು ಷಡ್ಜದಲ್ಲಿ ನಿಲ್ಲಿಸಬೇಡಿ. ಅಲ್ಲಿ ನಿಂತರೆ ಹಾಡು ಮುಗಿದ ಹಾಗಾಗುತ್ತದೆ. ಪಂಚಮದಲ್ಲೋ ರಿಷಭದಲ್ಲೋ ಬಿಟ್ಟರೆ ಕಿವಿ ಮೊದಲ ಬಾರನ್ನು ತಾನಾಗಿಯೇ ಕೇಳುತ್ತದೆ. ಲೂಪ್ ಹಾಕಿ ಹದಿನೈದು ನಿಮಿಷ ಬೇರೆ ಕೆಲಸ ಮಾಡಿ. ಎಲ್ಲಿ ಕಿರಿಕಿರಿ ಶುರುವಾಗುತ್ತದೋ ಆ ಬಾರ್‌ನಿಂದ ಒಂದು ಸ್ವರ ತೆಗೆದು ಮತ್ತೆ ಹಾಕಿ ನೋಡಿ. ಇದು ಹಿಡಿಸಿದರೆ ಮುಂದಿನದ್ದು ‘ಫ್ಯಾಮಿಸ್ಟುಡಿಯೊ’. ಅದೂ ಉಚಿತ. ಹಳದಿ ಕ್ಯಾಸೆಟ್ಟಿನ ಅದೇ ಐದು ದನಿಗಳಲ್ಲಿ ಬರೆಯಬಹುದು, ಬೇಕಾದರೆ ವಿಆರ್‌ಸಿ6ರ ಮೂರು ದನಿಗಳನ್ನೂ ಸೇರಿಸಿಕೊಳ್ಳಬಹುದು.